ಪನೋರಮಾ ಕ್ಯಾಮೆರಾ: 'ವಿಹಂಗಮ' ಬೇಡ ಅನ್ನಿಸುತ್ತಿದೆ, ಬೇರೆ ಪದ ಯಾವುದು?

ಎಲ್ಲರಿಗೂ ನಮಸ್ಕಾರ,

ಹಳೆಯ ಕ್ಯಾಮೆರಾಗಳ ಬಗ್ಗೆ ಮಕ್ಕಳಿಗಾಗಿ ಒಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ. ಹೋದ ಭಾನುವಾರ ನಮ್ಮ ಬೀದಿಯ ಆರೇಳು ಮಕ್ಕಳನ್ನು ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿದ್ದೆ. ಕೆಂಪೇಗೌಡರ ಗೋಪುರದ ಹತ್ತಿರ ನಿಂತು ಮೊಬೈಲಿನಲ್ಲಿ ಪನೋರಮಾ ತೆಗೆಯುತ್ತಾ, 'ಕನ್ನಡದಲ್ಲಿ ಇದಕ್ಕೆ ವಿಹಂಗಮ ನೋಟ ಅಂತಾರೆ' ಅಂದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: 'ವಿಹಂಗಮ ಅಂದ್ರೆ ಹಕ್ಕಿ ಅಲ್ವಾ? ನಾವು ನೆಲದ ಮೇಲೇ ಇದೀವಲ್ಲ?'

ಅವಳು ಹೇಳಿದ್ದು ಸರಿ. ವಿಹಂಗಮ ಅಂದರೆ ಆಕಾಶದಲ್ಲಿ ಹೋಗುವುದು, ಹಕ್ಕಿ. ಮೇಲಿನಿಂದ ಕೆಳಗೆ ನೋಡುವ ನೋಟ ಅದು. ಡ್ರೋನ್ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ಪನೋರಮಾ ಹುಟ್ಟಿದ್ದು ಹಾಗಲ್ಲ. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ ಎಡಿನ್‌ಬರೋದ ಗುಡ್ಡದ ಮೇಲಿಂದ ಸುತ್ತಲೂ ಕಂಡ ಊರನ್ನು ಬಳೆಯಂತೆ ಬಾಗಿದ ಒಂದೇ ಚಿತ್ರವಾಗಿಸಿದ. 1787ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಗ್ರೀಕ್ ಮೂಲದ ಆ ಹೆಸರಿಗೆ 'ಎಲ್ಲವೂ ಕಾಣುವ ನೋಟ' ಎಂದರ್ಥ. ನಡುವೆ ನಿಂತವರು ತಿರುಗಿ ತಿರುಗಿ ನೋಡಬೇಕು. ಅಲ್ಲಿ ಹಕ್ಕಿಗೆ ಕೆಲಸವಿಲ್ಲ.

ಹಾಗಾದರೆ 'ಸುತ್ತುನೋಟ' ಅನ್ನೋಣ ಎಂದುಕೊಂಡೆ. ಆದರೆ ಪನೋರಮಾ ಕ್ಯಾಮೆರಾಗಳ ಕೆಲಸ ವಿವರಿಸಲು ಕೂತಾಗ ಅದೊಂದೇ ಪದ ಸಾಲಲಿಲ್ಲ. ಇವುಗಳಲ್ಲಿ ಎರಡು ಜಾತಿ.

1898ರ ಅಲ್-ವಿಸ್ಟಾ, 1899ರಲ್ಲಿ ಬಂದ ಕೊಡಾಕ್ ಪನೋರಮ್, ಇವುಗಳ ಪೆಟ್ಟಿಗೆ ಅಲುಗುವುದಿಲ್ಲ. ಲೆನ್ಸ್ ಮಾತ್ರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುತ್ತದೆ. ಫಿಲ್ಮ್ ಹಿಂದೆ ಕಮಾನಿನಂತೆ ಬಾಗಿ ಕೂತಿರುತ್ತದೆ. ನಾವು ಕೂತಲ್ಲೇ ಕತ್ತು ಹೊರಳಿಸಿ ನೋಡುತ್ತೇವಲ್ಲ, ಅದೇ ರೀತಿ. ಸುತ್ತಲಿನದೆಲ್ಲ ಸಿಗುವುದಿಲ್ಲ. ಕೊಡಾಕ್‌ನ ದೊಡ್ಡದರಲ್ಲಿ ಸಿಗುತ್ತಿದ್ದದ್ದು 142 ಡಿಗ್ರಿ.

1904ರಲ್ಲಿ ಪೇಟೆಂಟ್ ಆದ ಸರ್ಕಟ್ ಹಾಗಲ್ಲ. ಟ್ರೈಪಾಡ್ ಮೇಲೆ ಇಡೀ ಕ್ಯಾಮೆರಾನೇ ಸುತ್ತುತ್ತದೆ. ಗಡಿಯಾರದ ಹಾಗೆ ಕೀ ಕೊಟ್ಟರೆ, ಒಳಗಿನ ಹಲ್ಲುಚಕ್ರ ಅದನ್ನು ತಿರುಗಿಸುತ್ತಾ ಫಿಲ್ಮನ್ನೂ ಎಳೆಯುತ್ತದೆ. ಬಿಂಬ ಯಾವ ವೇಗದಲ್ಲಿ ಸರಿಯುತ್ತದೋ ಫಿಲ್ಮೂ ಅದೇ ವೇಗದಲ್ಲಿ ಸರಿಯಬೇಕು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಚಿತ್ರ ಕಲಸಿಹೋಗುತ್ತದೆ. ಅದಕ್ಕೇ ಲೆನ್ಸ್ ಬದಲಿಸಿದರೆ ಹಲ್ಲುಚಕ್ರವನ್ನೂ ಬದಲಿಸಬೇಕಿತ್ತು. ಹತ್ತನೇ ನಂಬರಿನ ಸರ್ಕಟ್‌ಗೆ ಹತ್ತು ಇಂಚು ಅಗಲದ ಫಿಲ್ಮ್. ಪೂರ್ತಿ ಒಂದು ಸುತ್ತು ಬೇಕಾದರೂ ತೆಗೆಯಬಹುದಿತ್ತು.

ಹಾಗಾಗಿ ಮೊದಲನೆಯದಕ್ಕೆ 'ಹೊರಳುಗಣ್ಣಿನ ಕ್ಯಾಮೆರಾ', ಎರಡನೆಯದಕ್ಕೆ 'ಸುತ್ತು ಕ್ಯಾಮೆರಾ' ಎಂದು ಬರೆದಿದ್ದೇನೆ. 'ಗಿರಕಿ ಕ್ಯಾಮೆರಾ' ಅಂತಲೂ ಯೋಚಿಸಿದೆ. ಮಕ್ಕಳಿಗೆ ತುಂಬಾ ಇಷ್ಟವಾಯಿತು. ಆದರೆ ಗಿರಕಿಯಲ್ಲಿ ವೇಗ ಜಾಸ್ತಿ. ಇದು ನಿಧಾನವಾಗಿ ಸುತ್ತುವ ಯಂತ್ರ. ಎಷ್ಟು ನಿಧಾನ ಅಂದರೆ, ಆ ಕಾಲದ ಗುಂಪು ಫೋಟೋಗಳಲ್ಲಿ ಒಂದು ತುದಿಯಲ್ಲಿ ನಿಂತ ಹುಡುಗ ಹಿಂದಿನಿಂದ ಓಡಿ ಇನ್ನೊಂದು ತುದಿಗೂ ಬಂದು ನಿಲ್ಲುತ್ತಿದ್ದ. ಒಂದೇ ಫೋಟೋದಲ್ಲಿ ಎರಡು ಸಲ! ಬಂಡೆಯ ಮೇಲೆ ನಮ್ಮ ಮಕ್ಕಳೂ ಮೊಬೈಲಿನಲ್ಲಿ ಇದನ್ನೇ ಮಾಡಿದರು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಎಡತುದಿಯಲ್ಲಿ ಕೈ ಕಟ್ಟಿ ನಿಂತ ಹುಡುಗ ಬಲತುದಿಯಲ್ಲಿ ಏದುಸಿರು ಬಿಡುತ್ತಿದ್ದಾನೆ.

ನನ್ನನ್ನು ಜಾಸ್ತಿ ಕಾಡುತ್ತಿರುವ ಪದ ಇನ್ನೊಂದಿದೆ. ಎರಡು ಜಾತಿಯಲ್ಲೂ ಬೆಳಕು ಫಿಲ್ಮಿಗೆ ಬೀಳುವುದು ಒಂದು ಕಿರಿದಾದ ಉದ್ದ ತೆರಪಿನ ಮೂಲಕ. ಚಿತ್ರ ಒಂದೇ ಏಟಿಗೆ ಮೂಡುವುದಿಲ್ಲ, ಎಳೆ ಎಳೆಯಾಗಿ ಮೂಡುತ್ತದೆ. ಈ ತೆರಪಿಗೆ ಏನನ್ನಬೇಕು? 'ಸೀಳು' ಅಂದರೆ ಹರಿದದ್ದು ಅನ್ನಿಸುತ್ತದೆ. 'ಕಿಂಡಿ' ಅಂದರೆ ಚೌಕವೋ ಗುಂಡಗೋ ಇರುವ ತೂತು ಕಣ್ಣಿಗೆ ಬರುತ್ತದೆ. 'ಸಂದು' ನನಗೆ ಹಿಡಿಸಿದೆ. ಅರೆ ತೆರೆದ ಬಾಗಿಲ ಸಂದಿನಲ್ಲಿ ಕಣ್ಣಿಟ್ಟು ತಲೆಯನ್ನು ಆಚೀಚೆ ಸರಿಸಿದರೆ ಇಡೀ ಹಜಾರ ತುಂಡುತುಂಡಾಗಿ ಕಾಣುತ್ತದೆ. ಮಕ್ಕಳಿಗೆ ರಟ್ಟಿನಲ್ಲಿ ಉದ್ದಕ್ಕೆ ಸಂದು ಕೊಯ್ದು ಕೊಟ್ಟಾಗ ತಕ್ಷಣ ಅರ್ಥವಾಯಿತು.

ನಿಮ್ಮ ಕಡೆ ಇಂಥ ಉದ್ದನೆಯ ಸಣ್ಣ ತೆರಪಿಗೆ ಬೇರೆ ಮಾತು ಇದೆಯೇ? ಬಡಗಿಗಳು, ನೇಕಾರರು ಏನನ್ನುತ್ತಾರೆ? 'ಹೊರಳು' ಅಂದಾಗ ನಿಮಗೆ ಮೊದಲು ನೆಲದ ಮೇಲೆ ಹೊರಳಾಡುವುದು ನೆನಪಾಗುತ್ತದೆಯೋ, ಕತ್ತು ಹೊರಳಿಸುವುದೋ? ದಯವಿಟ್ಟು ನಿಮ್ಮ ಊರಿನ ಹೆಸರಿನ ಜೊತೆ ಬರೆಯಿರಿ.