ವಿಂಡೋಸ್ 10ರಿಂದ ಲಿನಕ್ಸ್‌ಗೆ: ಮನೆಯ ಕಂಪ್ಯೂಟರ್ ಬದಲಾಯಿಸುವ ಮುನ್ನ ಏನೇನು ನೋಡಿಕೊಳ್ಳಬೇಕು?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಎಸ್‌ಎಸ್‌ಡಿ ಇವೆ. ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ವಿಂಡೋಸ್ 10ರ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ನಮ್ಮ ಪ್ರೊಸೆಸರ್ ಅದರ ಪಟ್ಟಿಯಲ್ಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸು ಒಪ್ಪದ ಕಾರಣ ವಿಂಡೋಸ್‌ನ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಹಾಕಿಕೊಳ್ಳಬೇಕೆಂದಿದ್ದೇನೆ.

ಇದನ್ನು ಮನೆಯಲ್ಲಿ ಮೂವರು ಬಳಸುತ್ತೇವೆ: ನಾನು ಬರವಣಿಗೆಗೆ ಮತ್ತು ಲೆಕ್ಕಪತ್ರಕ್ಕೆ, ಮಗಳು ವಿಡಿಯೋ ತರಗತಿಗಳಿಗೆ, ತಂದೆಯವರು ಫೋಟೋಗಳನ್ನು ಜೋಡಿಸಿಡಲು ಮತ್ತು ಪ್ರಿಂಟ್ ತೆಗೆಯಲು. ಹಲವು ಬಗೆಯ ಲಿನಕ್ಸ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ವಿಂಡೋಸನ್ನು ಪೂರ್ತಿ ಅಳಿಸಬೇಕೇ ಅಥವಾ ಎರಡನ್ನೂ ಇಟ್ಟುಕೊಳ್ಳಬೇಕೇ, ಕನ್ನಡ ಟೈಪಿಂಗ್‌ಗೆ ಏನು ವ್ಯವಸ್ಥೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ತಂತಿಬೇಲಿ:

ಯಾವ ಲಿನಕ್ಸ್ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ. ಕೆಳಗೊಂದು ಪಟ್ಟಿ, ಮೂಲೆಯಲ್ಲಿ ಮೆನು ಎಂಬ ವಿಂಡೋಸ್‌ನ ವಿನ್ಯಾಸವೇ ಅಲ್ಲಿಯೂ ಇರುವುದರಿಂದ ತಂದೆಯವರಿಗೆ ಹೊಸದೆನಿಸುವುದು ಕಡಿಮೆ. ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯನ್ನು ಆಧರಿಸಿದ್ದು, 2029ರವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ. ನಿಮ್ಮ 8 ಜಿಬಿ ರ‍್ಯಾಮ್ ಅದಕ್ಕೆ ಧಾರಾಳವಾಗಿ ಸಾಕು.

ಆದರೆ ನೀವು ಕೇಳದ ಒಂದು ವಿಷಯ ಇದಕ್ಕಿಂತ ಮುಖ್ಯವೆಂದು ನನಗನಿಸುತ್ತದೆ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವುದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ. ಬರವಣಿಗೆಗೆ ಮತ್ತು ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್, ಬ್ರೌಸರ್ ಆಗಿ ಫೈರ್‌ಫಾಕ್ಸ್, ವಿಡಿಯೋಗಳಿಗೆ ವಿಎಲ್‌ಸಿ, ಫೋಟೋಗಳಿಗೆ ಡಿಜಿಕ್ಯಾಮ್ ಇವೆಲ್ಲ ವಿಂಡೋಸ್‌ನಲ್ಲಿಯೂ ಉಚಿತವಾಗಿ ಸಿಗುತ್ತವೆ. ಇವನ್ನು ಈಗಲೇ ಹಾಕಿಕೊಂಡು, ಮೂವರೂ ಕೆಲವು ವಾರ ಇವುಗಳಲ್ಲೇ ಕೆಲಸ ಮಾಡಿ ನೋಡಿ. ನಿಮ್ಮ ಹಳೆಯ ವರ್ಡ್ ಕಡತಗಳು ಲಿಬ್ರೆಆಫೀಸ್‌ನಲ್ಲಿ ಹೇಗೆ ತೆರೆಯುತ್ತವೆ, ಎಕ್ಸೆಲ್‌ನ ಮ್ಯಾಕ್ರೋಗಳು (ಕೆಲಸವನ್ನು ತಾನಾಗಿಯೇ ಮಾಡುವ ಆದೇಶಗಳು) ಎಲ್ಲಿ ಮುರಿಯುತ್ತವೆ ಎಂಬುದು, ಹಿಂದಕ್ಕೆ ಹೋಗಲು ದಾರಿ ಇರುವಾಗಲೇ ತಿಳಿಯಲಿ. ಇದಕ್ಕೆ ಒಗ್ಗಿಕೊಂಡ ಮನೆಯವರಿಗೆ ಆಮೇಲೆ ಲಿನಕ್ಸ್ ಬಂದರೂ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ನಂತರ ಮಿಂಟ್‌ನ ಐಎಸ್‌ಒ ಕಡತವನ್ನು (ಇಡೀ ಮಿಂಟ್ ಒಂದೇ ಕಡತವಾಗಿ ಸಿಗುವ ರೂಪ) ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದ ಮೂಲಕ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ, ಎಂದರೆ ಶುರು ಮಾಡಿ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಇನ್‌ಸ್ಟಾಲ್ ಒತ್ತದೆ ಹಾಗೆಯೇ ಬಳಸುವವರೆಗೆ ನಿಮ್ಮ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಸಿಗುತ್ತದೆಯೇ, ಕ್ಯಾಮೆರಾ ಮತ್ತು ಮೈಕ್ ಕೆಲಸ ಮಾಡುತ್ತವೆಯೇ, ಪರದೆಯ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕೀಲಿಗಳು ಸ್ಪಂದಿಸುತ್ತವೆಯೇ ಎಂದು ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆರೆದಾಗ ಯಂತ್ರ ಸರಿಯಾಗಿ ಎಚ್ಚರಗೊಳ್ಳುತ್ತದೆಯೇ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಬರುವುದು ಹೆಚ್ಚಾಗಿ ಅಲ್ಲಿಯೇ. ವೇಗವನ್ನು ಮಾತ್ರ ಪೆನ್‌ಡ್ರೈವ್‌ನಿಂದ ಅಳೆಯಬೇಡಿ, ಎಸ್‌ಎಸ್‌ಡಿಗೆ ಹೋದ ಮೇಲೆ ಅದು ಬೇರೆಯೇ ಇರುತ್ತದೆ. ವೈಫೈ ಚಿಪ್ ಬ್ರಾಡ್‌ಕಾಮ್‌ನದಾಗಿದ್ದರೆ ಮೊದಲಿಗೆ ಸಿಗದೆ ಇರಬಹುದು; ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಅದರ ಇಂಟರ್ನೆಟ್ ಹಂಚಿಕೊಂಡು, ಡ್ರೈವರ್ ಮ್ಯಾನೇಜರ್‌ನಲ್ಲಿ ಬೇಕಾದ ಡ್ರೈವರ್ (ಆ ಚಿಪ್ಪನ್ನು ನಡೆಸುವ ತಂತ್ರಾಂಶ) ಹಾಕಿಕೊಳ್ಳಬಹುದು.

ಗುಬ್ಬಚ್ಚಿ:

ತಂತಿಬೇಲಿಯವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಎರಡನ್ನೂ ಇಟ್ಟುಕೊಳ್ಳುವ ವಿಚಾರವನ್ನಷ್ಟೇ ಸೇರಿಸುತ್ತೇನೆ.

256 ಜಿಬಿಯನ್ನು ಇಬ್ಭಾಗ ಮಾಡಿದರೆ ಎರಡಕ್ಕೂ ಜಾಗ ಸಾಲದೆ, ಕೊನೆಗೆ ಎರಡೂ ಉಸಿರುಗಟ್ಟುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಎಸ್‌ಎಸ್‌ಡಿಗೆ ಜಾಗವಿದ್ದರೆ ಲಿನಕ್ಸನ್ನು ಅದಕ್ಕೆ ಹಾಕುವುದು ಅತ್ಯುತ್ತಮ. ಒಂದೇ ಡಿಸ್ಕ್‌ನಲ್ಲಿ ಎರಡೂ ಇರಲೇಬೇಕೆಂದಾದರೆ, ಪಾರ್ಟಿಷನ್‌ಗೆ (ಡಿಸ್ಕ್‌ನ ವಿಭಾಗಗಳಿಗೆ) ಕೈ ಹಾಕುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ಎಂದು ನೋಡಿ, ಇದ್ದರೆ ಆ ಬೀಗ ತೆಗೆಯುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನು ತೆಗೆದುಬಿಡಿ. ಅದು ಚಾಲೂ ಇರುವಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ರೆಯಲ್ಲಿಯೇ ಇರುವುದರಿಂದ, ಆ ಪಾರ್ಟಿಷನ್‌ನಲ್ಲಿನ ಕಡತಗಳನ್ನು ಲಿನಕ್ಸ್‌ನಿಂದ ಓದಬಹುದೇ ಹೊರತು ತಿದ್ದಲು ಬಾರದು. ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣಿಸದಿದ್ದರೆ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ) ಸ್ಟೋರೇಜ್ ಮೋಡ್, ಎಂದರೆ ಡಿಸ್ಕನ್ನು ನಡೆಸುವ ವಿಧಾನ, ರೇಡ್ ಅಥವಾ ಆರ್‌ಎಸ್‌ಟಿ ಎಂದಿರುವ ಸಾಧ್ಯತೆ ಹೆಚ್ಚು. ಅದನ್ನು ಎಎಚ್‌ಸಿಐ ಎಂಬ ವಿಧಾನಕ್ಕೆ ಬದಲಾಯಿಸಬೇಕು, ಆದರೆ ಪೂರ್ವಸಿದ್ಧತೆ ಇಲ್ಲದೆ ಬದಲಾಯಿಸಿದರೆ ವಿಂಡೋಸ್ ಏಳದೆ ಹೋಗಬಹುದು.

ಎಲ್ಲಕ್ಕಿಂತ ಮೊದಲು ತಂದೆಯವರ ಫೋಟೋಗಳ ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿರಲಿ. ನಕಲು ಮಾಡಿದರಷ್ಟೇ ಸಾಲದು, ಬೇರೊಂದು ಯಂತ್ರಕ್ಕೆ ಜೋಡಿಸಿ ನಾಲ್ಕಾರು ಫೋಟೋ ತೆರೆದು ನೋಡಿ.

ಮುಂಗಾರು:

ಕನ್ನಡ ಟೈಪಿಂಗ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಿಂಟ್‌ನ ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎಂಬ ಕೀಲಿ ವಿನ್ಯಾಸಗಳು ಎರಡೂ ಇವೆ. ಬೇರೆ ಬೇರೆ ಭಾಷೆಗಳ ಟೈಪಿಂಗ್‌ಗೆ ನೆರವಾಗುವ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಪಡೆಯುವ ವಿಧಾನವೂ ಸಿಗುತ್ತದೆ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ನಿಮ್ಮಲ್ಲಿದ್ದರೆ, ವಿಂಡೋಸ್ ಇರುವಾಗಲೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತವೆ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರಾದರೆ ಅದು ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶ ಎಂಬುದನ್ನೂ ಗಮನದಲ್ಲಿಡಿ.

ನೀಲಿಶಾಯಿ:

ಎಲ್ಲರಿಗೂ ಕೃತಜ್ಞತೆಗಳು. ನಾನು ಟ್ಯಾಲಿ ಬಳಸುವುದಿಲ್ಲ, ಸ್ಪ್ರೆಡ್‌ಶೀಟ್‌ಗಳಷ್ಟೇ. ಪೆನ್‌ಡ್ರೈವ್‌ನಿಂದ ಮಿಂಟ್ ನಡೆಸಿ ನೋಡಿದೆ. ವೈಫೈ, ಕ್ಯಾಮೆರಾ, ಮೈಕ್ ಎಲ್ಲವೂ ಸರಿಯಾಗಿವೆ, ಮುಚ್ಚಳದ ಪರೀಕ್ಷೆಯಲ್ಲಿಯೂ ತೊಂದರೆಯಾಗಲಿಲ್ಲ. ನಮ್ಮ ವೈಫೈ ಪ್ರಿಂಟರ್ ತಾನಾಗಿಯೇ ಪಟ್ಟಿಯಲ್ಲಿ ಬಂದು ಪ್ರಿಂಟ್ ಕೊಟ್ಟಿತು. ಆದರೆ ಅದರ ಸ್ಕ್ಯಾನರ್ ಕಾಣಿಸುತ್ತಿಲ್ಲ. ಇದಕ್ಕೇನಾದರೂ ದಾರಿ ಇದೆಯೇ?

ತಂತಿಬೇಲಿ:

ಪ್ರಿಂಟರ್ ಡ್ರೈವರ್ ಇಲ್ಲದೆಯೇ ಸಿಕ್ಕಿದೆ ಎಂದರೆ ಸ್ಕ್ಯಾನರ್ ಕೂಡ ಅದೇ ರೀತಿಯದಾಗಿರುವ ಸಾಧ್ಯತೆ ಹೆಚ್ಚು. ಅಂಥ ಸ್ಕ್ಯಾನರ್‌ಗಳನ್ನು ನಡೆಸುವ ಸೇನ್-ಏರ್‌ಸ್ಕ್ಯಾನ್ ಪ್ಯಾಕೇಜ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಮತ್ತು ಪ್ರಿಂಟರ್ ಒಂದೇ ವೈಫೈನಲ್ಲಿರುವಾಗ ಡಾಕ್ಯುಮೆಂಟ್ ಸ್ಕ್ಯಾನರ್ ತೆರೆದು ಮತ್ತೊಮ್ಮೆ ಪ್ರಯತ್ನಿಸಿ. ಆಗಲೂ ಬಾರದಿದ್ದರೆ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಲಿನಕ್ಸ್‌ಗೆ ಸ್ಕ್ಯಾನರ್ ತಂತ್ರಾಂಶ ಮಾಡುವ ಸೇನ್ ಯೋಜನೆಯವರ ಪಟ್ಟಿಯಲ್ಲಿ ಹುಡುಕಿ ಹೇಳುತ್ತೇನೆ. ಇದು ಇತ್ಯರ್ಥವಾಗುವವರೆಗೆ ವಿಂಡೋಸನ್ನು ಅಳಿಸಬೇಡಿ.