ರಿವರ್ಟ್, ರಿಟರ್ನ್, ರಿವರ್ಸ್: ಮೂರಕ್ಕೂ ‘ಹಿಂತಿರುಗಿಸು’ ಅಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಬೇಕಾಗಿದೆ. ವಿಕಿಯಲ್ಲಿ ಒಬ್ಬರು ಮಾಡಿದ ತಿದ್ದುಪಡಿಯನ್ನು ಇನ್ನೊಬ್ಬರು ತೆಗೆದು ಪುಟವನ್ನು ಮೊದಲಿದ್ದ ಹಾಗೆ ಮಾಡುತ್ತಾರಲ್ಲ, ಆ ರಿವರ್ಟ್‌ಗೆ ನೀವು ಏನನ್ನುತ್ತೀರಿ? ನನ್ನ ತಲೆಯಲ್ಲಿ ನಮ್ಮ ಕಡೆಯ ‘ಹೊಳ್ಳಿಸು’ ಕೂತಿದೆ. ತುಂಗಭದ್ರೆಯ ಆಚೆಗೆ ಅದು ತಿಳಿಯುತ್ತದೋ ಇಲ್ಲವೋ ಎಂಬುದೇ ಅನುಮಾನ.

ಹಿನ್ನೆಲೆ ತುಸು ಉದ್ದ. ಕಲಬುರಗಿಯಲ್ಲಿ ನಾವು ನಾಲ್ಕೈದು ಜನ ಭಾನುವಾರಕ್ಕೊಮ್ಮೆ ಕೂತು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಪರಿಚಯಿಸುವ ಒಂದು ಬರಹವನ್ನು ವಿಕಿಯ ಪ್ರಯೋಗಪುಟದಲ್ಲಿ ಕೂಡಿ ತಿದ್ದುತ್ತಿದ್ದೇವೆ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹುಮನಾಬಾದಿನಿಂದ ಓದಲು ಬಂದ ಹುಡುಗಿಯೊಬ್ಬಳು, ಶಹಾಪುರದ ಹುಡುಗನೊಬ್ಬ, ಸೇಡಂ ತಾಲ್ಲೂಕಿನ ಕನ್ನಡ ಮಾಸ್ತರರು ಜೊತೆಗಿದ್ದಾರೆ. ಯಾರಿಗೂ ಇದರಿಂದ ಒಂದು ಪೈಸೆ ಇಲ್ಲ. ‘ಸಂಪಾದನೆ ಮಾಡ್ಲಿಕ್ಕ ಹೊಂಟೀನಿ’ ಎಂದಾಗ ನಮ್ಮ ತಂದೆ ‘ಎಷ್ಟು ಕೊಡ್ತಾರ?’ ಎಂದು ಕೇಳಿದ್ದರು. ವಿಕಿಪೀಡಿಯದಲ್ಲಿ ಎಡಿಟ್ ಮಾಡುವ ಜಾಗದಲ್ಲಿ ‘ಸಂಪಾದಿಸಿ’ ಎಂದೇ ಇದೆಯಲ್ಲ, ನಾನೇನು ಮಾಡಲಿ! ಆ ಪದದ ಜಗಳ ಇನ್ನೊಂದು ದಿನ ಆಡೋಣ.

ತೊಡಕು ಶುರುವಾದದ್ದು ಪಟ್ಟಿಗಳ ಭಾಗದಲ್ಲಿ. ಪೈಥಾನ್‌ನಲ್ಲಿ ಪಟ್ಟಿಗೆ ರಿವರ್ಸ್ ಎಂಬ ಮೆಥಡ್ (ಪಟ್ಟಿಯ ಮೇಲೆ ನಡೆಸಬಹುದಾದ ಒಂದು ಕೆಲಸ) ಇದೆ. ‘ಊರು’ ಎಂಬ ಪಟ್ಟಿಯಲ್ಲಿ ಕಲಬುರಗಿ, ಬೀದರ, ಯಾದಗಿರಿ ಇವೆ ಅನ್ನಿ. ಊರು.ರಿವರ್ಸ್() ಎಂದ ಕೂಡಲೇ ಅದೇ ಪಟ್ಟಿ ಯಾದಗಿರಿ, ಬೀದರ, ಕಲಬುರಗಿ ಎಂದಾಗುತ್ತದೆ. ಹೊಸ ಪಟ್ಟಿಯೇನೂ ಹುಟ್ಟುವುದಿಲ್ಲ. ಕಲಿಯುವವರು ‘ಹೊಸದು = ಊರು.ರಿವರ್ಸ್()’ ಎಂದು ಬರೆದು, ಆಮೇಲೆ ‘ಹೊಸದು’ ಏನಿದೆ ಎಂದು ಪ್ರಿಂಟ್ ಮಾಡಿ ನೋಡಿದರೆ ಸಿಗುವುದು ‘ನನ್’. ‘ಏನೂ ಇಲ್ಲ’ ಎಂಬುದಕ್ಕೆ ಪೈಥಾನ್ ಇಟ್ಟ ಹೆಸರು ಅದು. (ಮೊದಲ ವರ್ಷದ ಹುಡುಗನೊಬ್ಬ ‘ನನ್ ಅಂತ ಬರ್ತದ್ರಿ, ನಿಮ್ದು ಬರೂದಿಲ್ಲೇನು?’ ಎಂದು ಕೇಳಿದ್ದ. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.) ಪಾಠ ಹೇಳುವಾಗ ಬಹಳ ಸಲ ಕಂಡ ತಪ್ಪು ಇದು, ಹಾಗಾಗಿ ಎಚ್ಚರಿಕೆಯ ಒಂದು ವಾಕ್ಯ ಸೇರಿಸಿದೆ:

‘ಈ ಮೆಥಡ್ ಪಟ್ಟಿಯನ್ನು ಹಿಂತಿರುಗಿಸುತ್ತದೆ, ಆದರೆ ಪಟ್ಟಿಯನ್ನು ಹಿಂತಿರುಗಿಸುವುದಿಲ್ಲ.’

ಮೊದಲನೆಯದು ರಿವರ್ಸ್, ಅಂದರೆ ಉಲ್ಟಾ ಮಾಡುವುದು; ಎರಡನೆಯದು ರಿಟರ್ನ್, ಅಂದರೆ ಕೆಲಸ ಮುಗಿಸಿ ಕರೆದವರಿಗೆ ಉತ್ತರ ಕೊಡುವುದು. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಶಹಾಪುರದ ಹುಡುಗ ಓದಿ, ‘ಮೇಡಂ, ಇದೇನು ಒಡಪು ಹಾಕೀರೇನ್ರಿ?’ ಎಂದ. (ಒಡಪು ಎಂದರೆ ಒಗಟು.) ಆ ವಾಕ್ಯವನ್ನು ತೆಗೆದು, ಬದಲಾವಣೆಯ ಸಾರಾಂಶದಲ್ಲಿ ‘ಹಿಂತಿರುಗಿಸಿದೆ’ ಎಂದು ಬರೆದ. ಅಲ್ಲಿಗೆ ಮೂರನೆಯ ಅರ್ಥವೂ ಬಂತು.

ಆ ದಿನ ನಕ್ಕು ಬಿಟ್ಟೆವು. ಮುಂದಿನದು ನಗುವಂಥದ್ದಾಗಿರಲಿಲ್ಲ, ತಪ್ಪೂ ನನ್ನದೇ. ಹುಮನಾಬಾದಿನ ಹುಡುಗಿ ಸ್ಟ್ರಿಂಗ್‌ಗಳ ಭಾಗಕ್ಕೆ (ಬರಹದ ತುಂಡಿಗೆ ಪೈಥಾನ್ ಸ್ಟ್ರಿಂಗ್ ಎನ್ನುತ್ತದೆ) ಒಂದು ಉದಾಹರಣೆ ಸೇರಿಸಿದ್ದಳು: ‘ಬೀದರ’ ಎಂಬ ಸ್ಟ್ರಿಂಗನ್ನು ರಿವರ್ಸ್ ಮಾಡಿದರೆ ‘ರದೀಬ’ ಬರುತ್ತದೆ. ನೋಡಿದೆ. ಬೆರಳಚ್ಚಿನ ತಪ್ಪು ಅನ್ನಿಸಿತು. ಬೀ, ದ, ರ. ಉಲ್ಟಾ ಓದಿದರೆ ರ, ದ, ಬೀ. ಕನ್ನಡ ಬಲ್ಲ ಯಾರಿಗೆ ಕೇಳಿದರೂ ‘ರದಬೀ’ ಎಂದೇ ಹೇಳುತ್ತಾರೆ. ಅವಳ ತಿದ್ದುಪಡಿ ತೆಗೆದು, ಸಾರಾಂಶದಲ್ಲಿ ‘ತಪ್ಪು, ರದ್ದು ಮಾಡಲಾಗಿದೆ’ ಎಂದು ಬರೆದೆ. ಅವಳು ಮತ್ತೆ ಹಾಕಿದಳು. ನಾನು ಮತ್ತೆ ತೆಗೆದೆ, ಈ ಸಲ ಬರೀ ‘ರದ್ದು’. ಮೂರನೆಯ ಸಲ ಅವಳು ಪುಟ ಮುಟ್ಟಲಿಲ್ಲ, ಫೋನ್ ಮಾಡಿದಳು.

‘ಅಕ್ಕಾ, ನೀವು ಒಮ್ಮಿ ಓಡ್ಸಿ ನೋಡೀರೇನ್ರಿ? ನಾ ಬರ್ದಿದ್ದು ಹಂಗೇ ರದ್ದಿಗಿ ಹಾಕೀರಲ್ರಿ.’

ಪ್ರೋಗ್ರಾಮನ್ನು ಓಡಿಸಿ ನೋಡಿದೆ. ‘ರದೀಬ’ ಎಂದೇ ಬಂತು. ಯಂತ್ರಕ್ಕೆ ‘ಬೀ’ ಒಂದು ಅಕ್ಷರವಲ್ಲ. ಲಿಪಿಯ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಯೂನಿಕೋಡ್‌ನಲ್ಲಿ ಬ ಒಂದು, ದೀರ್ಘದ ಗುಣಿತ ಚಿಹ್ನೆ ಇನ್ನೊಂದು. ಹೀಗಾಗಿ ‘ಬೀದರ’ದಲ್ಲಿ ನಮಗೆ ಕಾಣುವುದು ಮೂರು ಅಕ್ಷರ, ಪೈಥಾನ್ ಎಣಿಸುವುದು ನಾಲ್ಕು. ಉಲ್ಟಾ ಮಾಡಿದಾಗ ಆ ಚಿಹ್ನೆ ಬ ಬಿಟ್ಟು ದ ಬೆನ್ನಿಗೆ ಬಂದು ಕೂರುತ್ತದೆ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ: ನಮಗೆ ಮೂರು, ಅದಕ್ಕೆ ಐದು, ಏಕೆಂದರೆ ಒತ್ತಕ್ಷರದ ಮೊದಲ ನ, ಅದರ ಬೆನ್ನಿಗೆ ಬರುವ ಅರ್ಧಾಕ್ಷರದ ಚಿಹ್ನೆ (್), ಮತ್ತೆ ಎರಡನೆಯ ನ ಬೇರೆ ಬೇರೆ ಲೆಕ್ಕ. ವಿಚಿತ್ರವೆಂದರೆ ‘ಕನ್ನಡ’ವನ್ನು ಉಲ್ಟಾ ಮಾಡಿದರೆ ‘ಡನ್ನಕ’ ಎಂದು ಸರಿಯಾಗಿಯೇ ಬರುತ್ತದೆ, ಒತ್ತಿನ ಎರಡೂ ಕಡೆ ಒಂದೇ ನ ಇರುವುದರಿಂದ. ನಾನು ಹಿಂದೊಮ್ಮೆ ಪರೀಕ್ಷಿಸಿದ್ದು ಈ ಪದವನ್ನೇ, ಅದಕ್ಕೇ ಇಷ್ಟು ವರ್ಷ ಮೋಸ ಹೋದೆ. ಸ್ಟ್ರಿಂಗ್‌ಗೆ ‘ಅಕ್ಷರಮಾಲೆ’ ಎನ್ನಬೇಕೆಂದು ಹಟ ಹಿಡಿದಿದ್ದವಳೂ ನಾನೇ. ಈಗ ಬಿಟ್ಟುಕೊಟ್ಟಿದ್ದೇನೆ. ಅಲ್ಲಿ ಪೋಣಿಸಿದ್ದು ನಮ್ಮ ಅರ್ಥದ ಅಕ್ಷರಗಳನ್ನಲ್ಲ, ಹಾಗಾಗಿ ಸ್ಟ್ರಿಂಗ್ ಸ್ಟ್ರಿಂಗಾಗಿಯೇ ಇರಲಿ.

ಓಡಿಸಿ ನೋಡದೆ ತೆಗೆದದ್ದು ಒಂದು ತಪ್ಪು, ಚರ್ಚೆಪುಟದಲ್ಲಿ ಕೇಳದೆ ಎರಡನೆಯ ಸಲ ತೆಗೆದದ್ದು ಅದಕ್ಕಿಂತ ದೊಡ್ಡದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ರಿವರ್ಟ್ ಮಾಡಿದರೆ ಖಾತೆಗೆ ತಡೆ ಬೀಳಬಹುದು. ನಾನು ಎರಡರಲ್ಲಿ ನಿಂತೆ, ಅದೂ ಅವಳು ಫೋನ್ ಮಾಡಿದ್ದರಿಂದ. ಕ್ಷಮೆ ಕೇಳಿದ್ದಾಯಿತು, ‘ರದೀಬ’ ಪುಟಕ್ಕೆ ಬಂದದ್ದಾಯಿತು. ಆದರೆ ಅವಳು ಅಂದ ‘ರದ್ದಿ’ ಕಿವಿಯಲ್ಲಿ ಉಳಿಯಿತು. ನಮ್ಮಲ್ಲಿ ರದ್ದಿ ಎಂದರೆ ತೂಕಕ್ಕೆ ಹಾಕುವ ಹಳೆಯ ಪೇಪರ್. ‘ರದ್ದು’ ಎಂದು ಬರೆದರೆ ಈ ಭಾಗದವರಿಗೆ ಪಕ್ಕದಲ್ಲೇ ಆ ರಾಶಿ ಕಾಣುತ್ತದೆ. ರೈಲು ರದ್ದು, ಪರವಾನಗಿ ರದ್ದು, ಈಗ ನಿನ್ನ ಬರಹ ರದ್ದು.

ತೊಂಬತ್ತು ದಾಟಿದ ನಮ್ಮ ತಂದೆ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಅವರನ್ನು ಕೇಳಿದೆ. ರದ್ದು, ರದ್ದಿ ಎರಡೂ ಒಂದೇ ಬೇರಿನವು, ಅರಬ್ಬಿಯ ‘ರದ್ದ್’ನಿಂದ ಬಂದವು ಎಂದರು. ಅರಬ್ಬಿಯಲ್ಲಿ ಅದಕ್ಕೆ ತಿರಸ್ಕಾರ ಎಂಬ ಅರ್ಥವೂ ಉಂಟು, ವಾಪಸ್ ಕಳಿಸುವುದು, ಉತ್ತರ ಕೊಡುವುದು ಎಂಬ ಅರ್ಥವೂ ಉಂಟು. ಅಂದರೆ ಮೂಲದಲ್ಲಿ ನಮಗೆ ಬೇಕಾದ ಅರ್ಥ ಇತ್ತು, ಉರ್ದು ದಾಟಿ ನಮ್ಮ ಕಚೇರಿ ಕಾಗದಕ್ಕೆ ಬರುವಷ್ಟರಲ್ಲಿ ತಿರಸ್ಕಾರವೊಂದೇ ಉಳಿಯಿತು. ಮಾತು ಅಲ್ಲಿಂದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಯಿತು. 1918ರಲ್ಲಿ ಅದು ಶುರುವಾಗುವುದಕ್ಕೆ ಒಂದು ವರ್ಷ ಮುಂಚೆಯೇ, ಎಲ್ಲ ವಿಷಯಗಳನ್ನೂ ಉರ್ದುವಿನಲ್ಲಿ ಕಲಿಸಲೆಂದು ಹೈದರಾಬಾದಿನಲ್ಲಿ ಭಾಷಾಂತರ ಇಲಾಖೆ ಕಟ್ಟಿದ್ದರಂತಲ್ಲ. ‘ಅವರಿಗೂ ನಿಮ್ಮಂಗೇ ಜಗಳ ಇದ್ದಿರಬೇಕು ತಗೋ, ಆದ್ರ ಅವರಿಗಿ ಪಗಾರ ಇತ್ತು’ ಎಂದರು ತಂದೆ.

‘ರದ್ದು’ ನನಗೆ ಒಗ್ಗದಿರುವುದಕ್ಕೆ ಇನ್ನೂ ಒಂದು ಕಾರಣವಿದೆ. ರಿವರ್ಟ್‌ನಲ್ಲಿ ಏನೂ ಅಳಿದುಹೋಗುವುದಿಲ್ಲ. ಪುಟದ ಇತಿಹಾಸ ತೆಗೆದು ನೋಡಿ: ಅವಳ ತಿದ್ದುಪಡಿ ಹಾಗೇ ಇದೆ, ಅದರ ಮೇಲೆ ನನ್ನದೊಂದು ಹೊಸ ಆವೃತ್ತಿ ಕೂತಿದೆ, ಅದು ಅವಳ ತಿದ್ದುಪಡಿಗೂ ಮೊದಲಿದ್ದ ಆವೃತ್ತಿಯ ಪಡಿಯಚ್ಚು, ಅಷ್ಟೇ. ಪ್ರೋಗ್ರಾಮಿನ ಆವೃತ್ತಿಗಳನ್ನು ಕಾದಿಡುವ ಗಿಟ್ ಎಂಬ ಸಾಧನ ಬಳಸುವವರಿಗೂ ಇದು ಗೊತ್ತು. ಅಲ್ಲಿ ರಿವರ್ಟ್ ಎಂದರೆ ಹಳೆಯ ಕಮಿಟ್ಟಿನ (ದಾಖಲಾದ ಬದಲಾವಣೆಯ) ಪರಿಣಾಮವನ್ನು ತೆಗೆಯುವ ಇನ್ನೊಂದು ಕಮಿಟ್ ಸೇರಿಸುವುದು. ಶಾಖೆಯ ತುದಿಯನ್ನೇ ಹಿಂದಕ್ಕೆ ಸರಿಸಲು ರಿಸೆಟ್ ಎಂಬುದು ಬೇರೆಯೇ ಇದೆ. ಕ್ಯಾನ್ಸಲ್ ಎಂಬ ಅರ್ಥದ ಪದ ಇಲ್ಲಿ ಸುಳ್ಳು ಹೇಳುತ್ತದೆ.

ಇನ್ನು ‘ಹೊಳ್ಳಿಸು’. ಹೊರಳು ಎಂಬುದರಿಂದ ಹೊರಳಿ, ಹೊಳ್ಳಿ. ಕೊರಳು ನಮ್ಮಲ್ಲಿ ಕೊಳ್ಳು, ಕರುಳು ಕಳ್ಳು ಆಗಿರುವ ಹಾಗೆ. ‘ಹೊಳ್ಳಿ ಬಾ’, ‘ತಗೊಂಡಿದ್ದು ಹೊಳ್ಳಿ ಕೊಡು’, ‘ಹೊಳ್ಳಿ ನೋಡದೆ ಹೋದ’, ‘ಕೇಳ್ಸಿಲ್ಲ, ಹೊಳ್ಳಿ ಹೇಳು’, ಹೀಗೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು. ಹಿಂದಕ್ಕೆ ಎಂಬ ಅರ್ಥವೂ ಇದೆ, ಮತ್ತೊಮ್ಮೆ ಎಂಬ ಅರ್ಥವೂ ಇದೆ. ಹಳೆಯದನ್ನು ಮತ್ತೊಮ್ಮೆ ಇಡುವ ಕೆಲಸಕ್ಕೆ ಎರಡೂ ಬೇಕು. ಬೈಗುಳದ ಛಾಯೆ ಇಲ್ಲ.

ಆಕ್ಷೇಪ ಮೊದಲು ಬಂದದ್ದು ಅಡುಗೆಮನೆಯಿಂದ. ‘ಹೊಳ್ಳಿಸೂದಂದ್ರ ಹಂಚಿನ ಮ್ಯಾಲ ರೊಟ್ಟಿ ಹೊಳ್ಳಿಸೂದಲ್ರಿ ಅಕ್ಕಾ’ ಎಂದಳು ನಮ್ಮ ನೆಗೆಣ್ಣಿ (ಓರಗಿತ್ತಿ). ಮಾತು ಸರಿ. ರೊಟ್ಟಿಯ ಲೆಕ್ಕದಲ್ಲಿ ಅದು ರಿವರ್ಸ್‌ಗೆ ಹತ್ತಿರ. ಆದರೆ ರಿವರ್ಸ್‌ಗೆ ‘ಉಲ್ಟಾ ಮಾಡು’ ಇದೆಯಲ್ಲ, ಅದು ಬೆಂಗಳೂರಿನಲ್ಲೂ ನಡೆಯುತ್ತದೆ, ಬೀದರಿನಲ್ಲೂ ನಡೆಯುತ್ತದೆ. ಗಂಭೀರ ಬರಹಕ್ಕೆ ಹೊಂದದು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಸೇಡಂ ಮಾಸ್ತರರದು. ಆಡುಮಾತು ಬೇಡ, ‘ಹೊರಳಿಸು’ ಎಂದೇ ಬರೆಯಿರಿ ಎನ್ನುತ್ತಾರೆ. ಬರೆದರೆ ಓದುವವರ ಕಣ್ಣಿಗೆ ಎಮ್ಮೆ ಕೆಸರಿನಲ್ಲಿ ಹೊರಳುವುದು ಬರುತ್ತದೆ ಎಂಬುದು ನನ್ನ ವಾದ. ನಡುವೆ ಶಹಾಪುರದ ಹುಡುಗ ರಾಜಿ ಮಾಡಿಸಲು ‘ಪೂರ್ವಹೊರಳು’ ಎಂದ. ಮಾಸ್ತರರು ತಲೆ ಹಿಡಿದುಕೊಂಡು ಕೂತರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಅವರ ತಾಲ್ಲೂಕಿನದು, ಅಲ್ಲಿನ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಅವರಿಗೆ ಮನೆಯ ಪುಸ್ತಕ. ಕನ್ನಡ ಸಂಸ್ಕೃತಗಳನ್ನು ಸಮಾಸದಲ್ಲಿ ಹೇಗೆಂದರೆ ಹಾಗೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಒಂಬತ್ತನೆಯ ಶತಮಾನದಲ್ಲೇ ಹೇಳಿಯಾಗಿದೆ, ನೀನು ಹಾಲೂ ಕೆಡಿಸಿದೆ ಮಜ್ಜಿಗೆಯೂ ಕೆಡಿಸಿದೆ ಎಂದರು. ಇಂಥ ಬೆರಕೆಗೆ ಹೇಳುವ ಅರಿಸಮಾಸ ಎಂದರೇನೆಂದು ಹುಡುಗನಿಗೆ ಅರ್ಧ ಗಂಟೆ ಪಾಠವಾಯಿತು. ಅವತ್ತು ಪುಟದಲ್ಲಿ ಒಂದು ಸಾಲೂ ಮುಂದೆ ಹೋಗಲಿಲ್ಲ.

ರಿಟರ್ನ್‌ಗೂ ‘ಹಿಂತಿರುಗಿಸು’ ಸರಿಯಲ್ಲ ಎಂದು ಈಗ ಅನ್ನಿಸುತ್ತಿದೆ. ಫಂಕ್ಷನ್ ಎಂಬ ಪ್ರೋಗ್ರಾಮಿನ ತುಂಡು ಯಾರಿಂದಲೋ ಸಾಲ ತಂದದ್ದನ್ನು ವಾಪಸ್ ಕೊಡುತ್ತಿಲ್ಲ. ಹೇಳಿದ ಲೆಕ್ಕ ಮಾಡಿ ಉತ್ತರವನ್ನು ಕರೆದವರ ಕೈಗೆ ಇಡುತ್ತದೆ. ಹಳೆಯ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಆ ‘ಒಪ್ಪಿಸು’ ಹೊಂದೀತೇ? ‘ಈ ಫಂಕ್ಷನ್ ಮೊತ್ತವನ್ನು ಒಪ್ಪಿಸುತ್ತದೆ.’ ನನ್ನ ಎಚ್ಚರಿಕೆಯ ವಾಕ್ಯ ಆಗ ಹೀಗಾಗುತ್ತದೆ: ‘ಈ ಮೆಥಡ್ ಪಟ್ಟಿಯನ್ನು ಉಲ್ಟಾ ಮಾಡುತ್ತದೆ, ಆದರೆ ಪಟ್ಟಿಯನ್ನು ಒಪ್ಪಿಸುವುದಿಲ್ಲ.’ ಒಡಪು ಹೋಯಿತು. ಬರೀ ‘ಕೊಡು’ ಸಾಕು ಎಂದು ಹುಮನಾಬಾದಿನವಳ ಮತ. ಅವಳ ಮಾತನ್ನು ಈಗೀಗ ಎರಡು ಸಲ ಯೋಚಿಸುತ್ತೇನೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಮೈಸೂರು, ಕರಾವಳಿ, ಮಲೆನಾಡಿನ ಕಡೆಯವರಿಗೆ ‘ಹೊಳ್ಳಿಸು’ ಎಂದರೆ ಏನು ಹೊಳೆಯುತ್ತದೆ? ನಿಮ್ಮಲ್ಲಿ ಅದಕ್ಕೆ ನನಗೆ ಗೊತ್ತಿಲ್ಲದ ಕೆಟ್ಟ ಅರ್ಥವೇನಾದರೂ ಇದ್ದರೆ ಈಗಲೇ ಹೇಳಿಬಿಡಿ. ಧಾರವಾಡ, ವಿಜಯಪುರದವರು ಇದನ್ನು ಸಕರ್ಮಕವಾಗಿ ಆಡುತ್ತೀರಾ, ಅಥವಾ ‘ಹೊಳ್ಳಿ’ ಎಂಬುದಷ್ಟೇ ನಿಮ್ಮಲ್ಲಿ ಉಳಿದಿದೆಯೇ? ನಾಮಪದಕ್ಕೂ ತೊಂದರೆ ಇದೆ. ‘ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಹೊಳ್ಳಿಸಬಾರದು’ ಎಂದು ವಾಕ್ಯ ಮಾಡಬಹುದು, ಆದರೆ ಆ ನಿಯಮಕ್ಕೆ ಒಂದು ಹೆಸರು ಕೊಡಬೇಕೆಂದರೆ ‘ಮೂರು ಹೊಳ್ಳಿಕೆ’ ಎನ್ನಬೇಕೋ ‘ಮೂರು ಹೊರಳು’ ಎನ್ನಬೇಕೋ? ಮಾಸ್ತರರಿಗೆ ಎರಡೂ ಬೇಡವಾಗಿವೆ, ಅವರ ಕೈಯಲ್ಲೂ ಬೇರೆ ಪದ ಇಲ್ಲ.