ಯುದ್ಧದಲ್ಲಿ ಹಿಡಿದ ಪ್ಯಾಟನ್ ಟ್ಯಾಂಕ್: ಮಗನಿಗೆ ಯಾವ ಕಿಟ್ ಕೊಡಿಸಲಿ?

ಪ್ರಶ್ನೆ, ಹಾಸನದಿಂದ:

ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲಿ ಟಿ-55 ಟ್ಯಾಂಕ್ ನೋಡಿ ಬಂದಾಗಿನಿಂದ ನನ್ನ ಮಗನಿಗೆ ಅದೇ ಗುಂಗು. ಅವನ ಅಜ್ಜ ಸೈನ್ಯದಲ್ಲಿದ್ದವರು. 1965ರ ಯುದ್ಧದಲ್ಲಿ ನಮ್ಮವರು ಪಾಕಿಸ್ತಾನದಿಂದ ಹಿಡಿದ ಅಮೆರಿಕದ ಪ್ಯಾಟನ್ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲನ್ನೇ ಜೋಡಿಸಿ ಅಜ್ಜನ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಕೊಡಬೇಕಂತೆ. ವಯಸ್ಸು 13. ಇದುವರೆಗೆ ಎರಡು ಕಾರು ಮಾತ್ರ ಮಾಡಿದ್ದಾನೆ. ಯಾವ ಕಿಟ್, ಯಾವ ಅಳತೆ? ಈ ಮಳೆಯಲ್ಲಿ ಬಣ್ಣ ಹಾಕಬಹುದಾ? ಮಾಡಿದವರು ಹೇಳಿ.

ಉತ್ತರ, ಹಾಸನದಿಂದಲೇ:

ಮೇಡಂ, ಮೊದಲು ಯಾವ ಪ್ಯಾಟನ್ ಅಂತ ತೀರ್ಮಾನ ಮಾಡಿ. ಆಗ ಪಾಕಿಸ್ತಾನದ ಹತ್ತಿರ ಎಂ-47, ಎಂ-48 ಎರಡೂ ಇದ್ದವು. ನಾನು ಇದು ತಿಳಿಯದೆ ಡಬ್ಬದ ಮೇಲಿನ ಚಿತ್ರ ನೋಡಿ ದುಡ್ಡು ಕೊಟ್ಟೆ. ಬಂದಿದ್ದು ಟಮಿಯಾ ಕಂಪನಿಯ ಎಂ-48ಎ3. ಒಳ್ಳೆ ಕಿಟ್ಟೇ, ತಕರಾರಿಲ್ಲ. ಆದರೆ ಅದು ವಿಯೆಟ್ನಾಂನಲ್ಲಿ ಓಡಾಡಿದ ಡೀಸೆಲ್ ಟ್ಯಾಂಕ್. ನಮ್ಮವರು ಎದುರಿಸಿದ್ದು ಅದಕ್ಕಿಂತ ಹಳೆಯ ಪೆಟ್ರೋಲ್ ಟ್ಯಾಂಕುಗಳನ್ನು. ಎಂಜಿನ್ ಮೇಲಿನ ಮುಚ್ಚಳವೇ ಬೇರೆ. ಅದನ್ನು ತಿದ್ದಲು ಕೂತು ಎರಡು ತಿಂಗಳು ಹೋಯಿತು, ಕೊನೆಗೆ ಬಿಟ್ಟೆ.

ಗುರುತು ಹಿಡಿಯೋದು ಸುಲಭ. ಎಂ-47ರ ಮುಂಭಾಗದಲ್ಲಿ, ಚಾಲಕನ ಪಕ್ಕ, ಒಂದು ಚಿಕ್ಕ ಮೆಷಿನ್ ಗನ್ ಮೂತಿ ಹೊರಗೆ ಕಾಣುತ್ತದೆ. ಅದಕ್ಕೇ ಒಬ್ಬ ಸೈನಿಕ ಇದ್ದ, ಒಟ್ಟು ಐದು ಜನ. ಎಂ-48ರಲ್ಲಿ ಅದು ಇಲ್ಲ, ನಾಲ್ಕೇ ಜನ, ಮುಂಭಾಗ ದೋಣಿಯ ಹಾಗೆ ದುಂಡಗೆ. ಎಂ-47 ಬೇಕಾದರೆ ಇಟಲೇರಿ ಮಾಡುತ್ತದೆ, ಟಾಕೋಮ್ ಕೂಡ. ಹುಡುಗನಿಗೆ ಇಟಲೇರಿಯದು ಸಾಕು. ಎಂ-48ಎ1 ಡ್ರ್ಯಾಗನ್‌ನವರದ್ದು ಇದೆ, ಆದರೆ ಚಿಕ್ಕ ಚಿಕ್ಕ ಭಾಗ ಜಾಸ್ತಿ.

ಅಳತೆ 1/35 ತಗೊಳ್ಳಿ, ಅಂದರೆ ನಿಜವಾದ ಟ್ಯಾಂಕಿನ 35ನೇ ಒಂದು ಭಾಗ. ನಿಜವಾದ ಎಂ-48 ಸುಮಾರು 3.6 ಮೀಟರ್ ಅಗಲ. 1/35ರಲ್ಲಿ ಅದು 10 ಸೆಂಟಿಮೀಟರ್, ಅಂಗೈ ತುಂಬುತ್ತದೆ. 1/72ರಲ್ಲಿ 5 ಸೆಂಟಿಮೀಟರ್ ಅಷ್ಟೇ, ಅಜ್ಜನಿಗೆ ಕನ್ನಡಕ ಹಾಕಿದರೂ ಕಾಣಲ್ಲ!

ಇನ್ನೊಂದು ಮಾತು. ಸ್ಮಾರಕದಲ್ಲಿ ನಿಲ್ಲಿಸಿದ ಟ್ಯಾಂಕಿಗೆ ಆಮೇಲೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಅದನ್ನು ನೋಡಿ ಯುದ್ಧದ ದಿನದ ಬಣ್ಣ ಅಂದುಕೊಳ್ಳಬೇಡಿ. ಆಗ ತೆಗೆದ ಫೋಟೋ ಒಂದನ್ನು ಎದುರಿಗೆ ಇಟ್ಟುಕೊಂಡೇ ಶುರು ಮಾಡಲಿ.

ಉತ್ತರ, ಚಿಕ್ಕಮಗಳೂರಿನಿಂದ:

ಮೇಲಿನವರು ಹೇಳಿದ್ದು ಸರಿ. ನಾನು ಮಣ್ಣಿನ ವಿಷಯ ಹೇಳ್ತೀನಿ, ಯಾಕಂದ್ರೆ ಅಲ್ಲೇ ನಾನು ಮಣ್ಣು ಮುಕ್ಕಿದ್ದು.

1965ರಲ್ಲಿ ಪಂಜಾಬಿನ ಅಸಲ್ ಉತ್ತರ ಅನ್ನೋ ಹಳ್ಳಿಯ ಹತ್ತಿರ ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ಪ್ಯಾಟನ್‌ಗಳು ಕೆಸರಲ್ಲಿ ಹೂತುಕೊಂಡವು. ಕಬ್ಬಿನ ಗದ್ದೆಯಲ್ಲಿ ಅಡಗಿದ್ದ ನಮ್ಮ ಟ್ಯಾಂಕುಗಳು ಪಕ್ಕದಿಂದ ಹೊಡೆದವು. ನಮ್ಮ ಸೈನಿಕ ಅಬ್ದುಲ್ ಹಮೀದ್ ಜೀಪಿನ ಮೇಲಿನ ಫಿರಂಗಿಯಿಂದ ಪ್ಯಾಟನ್‌ಗಳನ್ನು ಉರುಳಿಸಿ ಮಡಿದರು, ಮರಣೋತ್ತರ ಪರಮವೀರ ಚಕ್ರ ಬಂತು. ಆಮೇಲೆ ಹಿಡಿದ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರಾಯಿತು. ಅಂದ್ರೆ ಕೆಸರಿಲ್ಲದೆ ಈ ಮಾಡೆಲ್ ಮಾಡಿದರೆ ಕಥೆಯೇ ಇಲ್ಲ.

ನಾನೇನು ಮಾಡಿದೆ? ತೋಟದ ಕೆಂಪು ಮಣ್ಣನ್ನೇ ಜರಡಿ ಹಿಡಿದು ಫೆವಿಕಾಲ್‌ನಲ್ಲಿ ಕಲಸಿ ಚೈನಿಗೆ ಮೆತ್ತಿದೆ. ದಪ್ಪ ಬರಲಿ ಅಂತ ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನೂ ಸೇರಿಸಿದೆ. ನೋಡಲು ಬಹಳ ಚೆನ್ನಾಗಿತ್ತು. ಜುಲೈನಲ್ಲಿ ಶೋಕೇಸ್ ತೆಗೆದರೆ ಚಕ್ರದ ಸುತ್ತ ಬೂದು ಬಣ್ಣದ ಬೂಷ್ಟು, ಹತ್ತಿಯ ಹಾಗೆ. ನನ್ನ ಹೆಂಡತಿ "ಇದೇನ್ರೀ, ಟ್ಯಾಂಕಿಗೆ ಗಡ್ಡ ಬಂದಿದೆ" ಅಂದಳು. ಅದು ಸಾಲದು ಅಂತ, ಸೈನ್ಯದಿಂದ ನಿವೃತ್ತರಾದ ನಮ್ಮ ಪಕ್ಕದ ಮನೆಯವರು ಬಂದು ಒಂದೇ ಮಾತು ಕೇಳಿದರು: "ಪಂಜಾಬಲ್ಲಿ ಮಣ್ಣು ಯಾವಾಗ ಕೆಂಪಾಯ್ತು?" ಅಲ್ಲಿಯದು ನದಿ ತಂದ ಮಣ್ಣು, ತೆಳು ಕಂದು, ಒಣಗಿದರೆ ಬೂದು. ಮಲೆನಾಡಿನ ಕೆಂಪು ಅಲ್ಲಿಗೆ ಹೊಂದಲ್ಲ. ಈಗ ನಾನು ಗೋಡೆಗೆ ಹಚ್ಚುವ ಪುಟ್ಟಿಗೆ ಬಣ್ಣ ಬೆರೆಸಿ ಬಳಿಯುತ್ತೇನೆ. ಬೂಷ್ಟು ಹಿಡಿದಿಲ್ಲ.

ಮಳೆಗಾಲದಲ್ಲಿ ಸ್ಪ್ರೇ ಡಬ್ಬ ಮುಟ್ಟಲೇಬೇಡಿ. ತೇವ ಇದ್ದಾಗ ಮ್ಯಾಟ್ ವಾರ್ನಿಷ್ ಹೊಡೆದರೆ ಮುಳ್ಳಯ್ಯನಗಿರಿಯ ಮಂಜಿನ ಹಾಗೆ ಬೆಳ್ಳಗಾಗುತ್ತದೆ. ಹುಡುಗ ನೀರಿನ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ, ಬ್ರಷ್‌ನಲ್ಲಿ ಎರಡು ಮೂರು ಸಲ ಹಚ್ಚಲಿ. ಒಂದು ಪದರ ಪೂರ್ತಿ ಒಣಗುವ ತನಕ ಮುಂದಿನದು ಬೇಡ. ಕಷ್ಟ ಅದೇ, ಅವರಿಗೆ ತಾಳ್ಮೆ ಎಲ್ಲಿ?

ಉತ್ತರ, ಸಕಲೇಶಪುರದಿಂದ:

ಪ್ಯಾಟನ್ ಸಿಗದಿದ್ದರೆ ಬೇಜಾರಾಗಬೇಡಿ ಅಕ್ಕಾ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಫ್ರೆಂಚರಿಂದ ಕಿತ್ತುಕೊಂಡ ಬಿ1 ಬಿಸ್ ಟ್ಯಾಂಕನ್ನು ಟಮಿಯಾ ಬೇರೆ ಡಬ್ಬದಲ್ಲೇ ಮಾಡಿದೆ. ಚೈನು ಮಾತ್ರ ಒಂದೊಂದೇ ಕೊಂಡಿ ಅಂಟಿಸಬೇಕು. ನಾನು ಎರಡು ಭಾನುವಾರ ಅದಕ್ಕೇ ಕೊಟ್ಟೆ. ತಮ್ಮವರೇ ಗುಂಡು ಹಾರಿಸಬಾರದು ಅಂತ ಹಿಡಿದ ಟ್ಯಾಂಕಿನ ಮೇಲೆ ಜರ್ಮನ್ನರು ದೊಡ್ಡ ದೊಡ್ಡ ಶಿಲುಬೆ ಬರೆಯುತ್ತಿದ್ದರು, ಅವಸರದಲ್ಲಿ, ಕೈಯಿಂದಲೇ. ಅದಕ್ಕೇ ನಾನು ಕಿಟ್ ಜೊತೆ ಬರುವ ಡೆಕಾಲ್ (ಅಂಟಿಸುವ ಗುರುತು) ಬಿಟ್ಟು ಬ್ರಷ್‌ನಲ್ಲೇ ಬರೆದೆ. ಸ್ವಲ್ಪ ಸೊಟ್ಟಗಾದರೂ ನಡೆಯುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಗುಟ್ಟು ರಟ್ಟಾಯಿತು. "ಅಜ್ಜಾ, ಪ್ಯಾಟನ್ ಮುಂದೆ ಚಿಕ್ಕ ಮೆಷಿನ್ ಗನ್ ಇತ್ತಾ?" ಅಂತ ಮಗ ಊಟಕ್ಕೆ ಕೂತಾಗ ಕೇಳಿಬಿಟ್ಟ. ಅವರು ತಟ್ಟೆ ಬದಿಗಿಟ್ಟು ಚೀಟಿಯಲ್ಲಿ ಚಿತ್ರವನ್ನೇ ಬರೆದರು. ಎಂ-47, 1/35 ಆರ್ಡರ್ ಮಾಡಿದ್ದೇವೆ. ಕೆಸರು ತಾನೇ ಹಚ್ಚುತ್ತೇನೆ ಅಂತಿದ್ದಾರೆ ಮಾವ. ಚಿಕ್ಕಮಗಳೂರಿನ ಸರ್, ಆ ಪುಟ್ಟಿಗೆ ಯಾವ ಬಣ್ಣ ಎಷ್ಟು ಬೆರೆಸುತ್ತೀರಿ?